ಕಂಪ್ಯೂಟರ್‌ಗೆ ಟಿವಿ ಸಾಕಾ, ಮಾನಿಟರೇ ಬೇಕಾ?

ಒಳ್ಳೆಯ ಮಾನಿಟರ್ ನೋಡಲು ಹೋದವರ ಕಣ್ಣು ಪಕ್ಕದ ಟಿವಿಯ ಮೇಲೆ ಬೀಳದೇ ಇರುವುದಿಲ್ಲ. 27 ಇಂಚಿನ ಮಾನಿಟರ್‌ಗೆ ಕೊಡುವ ದುಡ್ಡಿಗೆ ಎಷ್ಟೋ ಸಲ 43 ಇಂಚಿನ ಟಿವಿಯೇ ಬಂದುಬಿಡುತ್ತದೆ. ಎರಡರ ಹಿಂದೆಯೂ ಎಚ್‌ಡಿಎಂಐ ಪೋರ್ಟ್ ಇದೆ. ಎರಡರ ಡಬ್ಬದ ಮೇಲೂ 4ಕೆ ಅಂತ ಬರೆದಿದೆ. ಕೇಬಲ್ ಚುಚ್ಚಿದರೆ ಎರಡರಲ್ಲೂ ಚಿತ್ರ ಬರುತ್ತದೆ. ಹಾಗಿದ್ದ ಮೇಲೆ ಸಣ್ಣದನ್ನು ಯಾಕೆ ತಗೋಬೇಕು, ಅಲ್ವಾ?

ಚಿತ್ರವೇನೋ ಬರುತ್ತದೆ. ಆದರೆ ಅದನ್ನು ಎಷ್ಟು ದೂರದಿಂದ ನೋಡುತ್ತೀರಿ, ಅದರಲ್ಲಿ ಏನನ್ನು ನೋಡುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಎರಡು ಮೂರು ಮೀಟರ್ ದೂರದಲ್ಲಿ ಒರಗಿ ಕೂತು ಸಿನಿಮಾ, ಆಟ ನೋಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಟಿವಿ ಮಾಡುತ್ತಾರೆ. ಅರ್ಧ ಮುಕ್ಕಾಲು ಮೀಟರ್ ದೂರದಲ್ಲಿ ಕೂತು ಗಂಟೆಗಟ್ಟಲೆ ಅಕ್ಷರ ಓದುವವರಿಗಾಗಿ ಮಾನಿಟರ್ ಮಾಡುತ್ತಾರೆ. ಮುಂದೆ ಹೇಳುವ ತೊಂದರೆ, ಅನುಕೂಲಗಳೆಲ್ಲ ಬಹುತೇಕ ಇಲ್ಲಿಂದಲೇ ಹುಟ್ಟಿದವು.

ಈ ಗೊಂದಲ ಹೊಸದೇನಲ್ಲ. 1982ರಲ್ಲಿ ಬಂದ ಕಮೊಡೋರ್ 64 ಮತ್ತು ಝಡ್‌ಎಕ್ಸ್ ಸ್ಪೆಕ್ಟ್ರಮ್ ಎರಡೂ ಮನೆಯ ಟಿವಿಗೆ ಜೋಡಿಸಿಕೊಳ್ಳುವ ಕಂಪ್ಯೂಟರ್‌ಗಳೇ. ಮೊದಲನೆಯದರಲ್ಲಿ ಸಾಲಿಗೆ 40 ಅಕ್ಷರ, ಎರಡನೆಯದರಲ್ಲಿ 32. ಅದಕ್ಕಿಂತ ಜಾಸ್ತಿ ತುರುಕಿದರೆ ಆಗಿನ ಟಿವಿಯಲ್ಲಿ ಓದುವುದು ಕಷ್ಟವಿತ್ತು. ಅದಕ್ಕೂ ಒಂದು ವರ್ಷ ಮೊದಲು, 1981ರಲ್ಲಿ ಬಂದ ಐಬಿಎಂ ಪಿಸಿಯ ಒಂಟಿ ಬಣ್ಣದ ಮಾನಿಟರ್ ಸಾಲಿಗೆ 80 ಅಕ್ಷರ ತೋರಿಸುತ್ತಿತ್ತು. ಪತ್ರ, ಲೆಕ್ಕ ಬರೆಯುವವರಿಗೆ ಅದು ಬೇಕಿತ್ತು. ಆಟ ಆಡುವ ಮಕ್ಕಳಿಗೆ ಟಿವಿ ಸಾಕಿತ್ತು. ನಾಲ್ಕು ದಶಕ ಕಳೆದು ಟಿವಿಗಳು ಗುರುತೇ ಸಿಗದಷ್ಟು ಬದಲಾಗಿವೆ. ಆದರೂ ಈ ಪಾಲು ಇನ್ನೂ ಹೆಚ್ಚುಕಡಿಮೆ ಹಾಗೇ ಇದೆ.

ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್?

ಸ್ಕ್ರೀನ್ ಎಷ್ಟು ಇಂಚು ಅಂತ ಎಲ್ಲರೂ ಕೇಳುತ್ತಾರೆ. ಕೇಳಬೇಕಾದದ್ದು ಒಂದೊಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್, ಅಂದರೆ ಚಿತ್ರ ಮೂಡಿಸುವ ಚುಕ್ಕಿಗಳು, ಕೂತಿವೆ ಅಂತ. 24 ಇಂಚಿನ ಫುಲ್ ಎಚ್‌ಡಿ (1920 ಗುಣಿಸು 1080 ಪಿಕ್ಸೆಲ್, ಇದನ್ನೇ 1080ಪಿ ಅನ್ನುವುದು) ಮಾನಿಟರ್‌ನಲ್ಲಿ ಇಂಚಿಗೆ ಸುಮಾರು 92. 27 ಇಂಚಿನ 1440ಪಿ (2560 ಗುಣಿಸು 1440) ಮಾನಿಟರ್‌ನಲ್ಲಿ 109. ಅದೇ 27 ಇಂಚು 4ಕೆ (3840 ಗುಣಿಸು 2160) ಆದರೆ 163. ಈಗ ಟಿವಿ ಕಡೆ ಬನ್ನಿ. 43 ಇಂಚಿನ 4ಕೆ ಟಿವಿಯಲ್ಲಿ ಇಂಚಿಗೆ 102 ಪಿಕ್ಸೆಲ್. ಇದೇನೂ ಕಡಿಮೆಯಲ್ಲ, ಸಾಮಾನ್ಯ ಮಾನಿಟರ್‌ಗಳ ಜೊತೆಗೇ ನಿಲ್ಲುತ್ತದೆ. 55 ಇಂಚಿಗೆ ಹೋದರೆ 80ಕ್ಕೆ ಇಳಿಯುತ್ತದೆ. 43 ಇಂಚಿನ ಫುಲ್ ಎಚ್‌ಡಿ ಟಿವಿ ಆದರೆ ಬರೀ 51.

ನಿಜವಾದ ಮೋಸ ಇರುವುದು 32 ಇಂಚಿನ ಅಗ್ಗದ ಟಿವಿಗಳಲ್ಲಿ. ಎಚ್‌ಡಿ ರೆಡಿ ಅಂತ ಬರೆದಿರುವ ಇವುಗಳ ಪ್ಯಾನೆಲ್ ಸಾಮಾನ್ಯವಾಗಿ 1366 ಗುಣಿಸು 768 ಪಿಕ್ಸೆಲ್‌ನದು. ಇಂಚಿಗೆ 49 ಅಷ್ಟೇ. ಕಂಪ್ಯೂಟರ್ 1080ಪಿ ಕಳಿಸಿದರೆ ಇವು ಬೇಡ ಅನ್ನುವುದಿಲ್ಲ, ತಗೊಂಡು ಕುಗ್ಗಿಸಿ ತೋರಿಸುತ್ತವೆ. ಸಿನಿಮಾದಲ್ಲಿ ಅದು ಗೊತ್ತೇ ಆಗದಿರಬಹುದು. ಅಕ್ಷರ ಮಾತ್ರ ಕಲಸಿಹೋಗುತ್ತದೆ. ಮೇಜಿನ ಮೇಲಿಟ್ಟು ಕೆಲಸ ಮಾಡುವ ಯೋಚನೆ ಇದ್ದರೆ ಈ ಜಾತಿಯ ಟಿವಿಯನ್ನು ಪಟ್ಟಿಯಿಂದ ಈಗಲೇ ಹೊಡೆದುಹಾಕಿ.

ಕನ್ನಡ ಓದುವವರಿಗೆ ಇದರ ಬಿಸಿ ಸ್ವಲ್ಪ ಜಾಸ್ತಿಯೇ ತಟ್ಟುತ್ತದೆ. ದ ಮತ್ತು ಧ ಬೇರೆಯಾಗುವುದು ಕೆಳಗಿನ ಒಂದು ಸಣ್ಣ ಸೀಳಿನಿಂದ. ಬ ಮತ್ತು ಭ ಕೂಡ ಹಾಗೇ. ಇನ್ನು ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಜೋತಾಡುತ್ತವೆ. ಪಿಕ್ಸೆಲ್ ಕಡಿಮೆ ಇರುವ ಸ್ಕ್ರೀನಿನಲ್ಲಿ ಮೊದಲು ಮುಚ್ಚಿಹೋಗುವುದೇ ಆ ಸೀಳು. ಲಕ್ಷ್ಮಿ, ಸ್ವಾತಂತ್ರ್ಯ ಮುಂತಾದ ಪದಗಳ ಬಾಲ ಬರೀ ಕಪ್ಪು ಮಚ್ಚೆಯಾಗುತ್ತದೆ. ಇಂಗ್ಲಿಷ್ ಅಕ್ಷರ ಓದಲು ಪರವಾಗಿಲ್ಲ ಅನ್ನಿಸಿದ ಸ್ಕ್ರೀನಿನಲ್ಲೇ ಕನ್ನಡದ ಪುಟ ತೆರೆದು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಬಣ್ಣದಲ್ಲಿ ಕತ್ತರಿ

43 ಇಂಚಿನ 4ಕೆ ಟಿವಿ ಪಿಕ್ಸೆಲ್ ಲೆಕ್ಕದಲ್ಲಿ ಪಾಸಾಯಿತು. ಆದರೂ ಎಷ್ಟೋ ಜನ ಅದಕ್ಕೆ ಕಂಪ್ಯೂಟರ್ ಜೋಡಿಸಿ, ಅಕ್ಷರ ಯಾಕೋ ಸರಿಯಿಲ್ಲ ಅನ್ನುತ್ತಾರೆ. ಬಹಳ ಸಲ ಇದಕ್ಕೆ ಕಾರಣ ಟಿವಿ ಬಣ್ಣವನ್ನು ನಿಭಾಯಿಸುವ ರೀತಿ.

ನಮ್ಮ ಕಣ್ಣಿಗೆ ಬೆಳಕಿನ ಏರಿಳಿತ ಚೆನ್ನಾಗಿ ಕಾಣುತ್ತದೆ, ಬಣ್ಣದ ಏರಿಳಿತ ಅಷ್ಟು ಕಾಣುವುದಿಲ್ಲ. ವಿಡಿಯೋ ಮಾಡುವವರು ಇದರ ಲಾಭ ಪಡೆಯುತ್ತಾರೆ. ಪ್ರತಿ ಪಿಕ್ಸೆಲ್‌ಗೂ ಬೆಳಕಿನ ಮಾಹಿತಿ ಇಟ್ಟು, ಬಣ್ಣವನ್ನು ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಹಂಚುತ್ತಾರೆ. ಇದಕ್ಕೆ 4:2:0 ಅಂತ ಹೆಸರು. ಇಂಟರ್ನೆಟ್ಟಿನಲ್ಲಿ ನೋಡುವ ಸಿನಿಮಾ, ಡಿಸ್ಕ್‌ನಲ್ಲಿ ಬರುವ ಸಿನಿಮಾ ಹೆಚ್ಚುಕಡಿಮೆ ಎಲ್ಲವೂ ಹೀಗೇ ಇರುತ್ತವೆ. ಯಾರಿಗೂ ಗೊತ್ತಾಗುವುದಿಲ್ಲ. ಕಂಪ್ಯೂಟರ್ ಮಾತ್ರ ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣ ಕೊಟ್ಟು ಕಳಿಸುತ್ತದೆ, ಅದು 4:4:4. ಮಾನಿಟರ್ ಅದನ್ನು ಇದ್ದ ಹಾಗೇ ತೋರಿಸುತ್ತದೆ. ಟಿವಿಗಳಲ್ಲಿ ಹಲವು, ಬಂದ ಸಿಗ್ನಲ್ ಪೂರ್ತಿ ಇದ್ದರೂ ಒಳಗೆ ಬಣ್ಣಕ್ಕೆ ಕತ್ತರಿ ಹಾಕಿಯೇ ಮುಂದಕ್ಕೆ ಬಿಡುತ್ತವೆ.

ನಿಮ್ಮ ಟಿವಿ ಏನು ಮಾಡುತ್ತದೆ ಅಂತ ನೋಡುವುದು ಸುಲಭ. ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಬಣ್ಣದಲ್ಲಿ ಸಣ್ಣ ಅಕ್ಷರಗಳನ್ನು ಟೈಪ್ ಮಾಡಿ. ಪಕ್ಕದಲ್ಲೇ ನೀಲಿ ಬಣ್ಣದಲ್ಲಿ ಇನ್ನೊಂದು ಸಾಲು. ಜೂಮ್ ನೂರಕ್ಕೆ ನೂರು ಇರಲಿ. ಈಗ ಹತ್ತಿರ ಹೋಗಿ ನೋಡಿ. ಅಕ್ಷರದ ಅಂಚು ಚೂಪಾಗಿದ್ದರೆ ಸರಿ. ಕೆಂಪು ಗೆರೆಗಳು ಅಕ್ಕಪಕ್ಕಕ್ಕೆ ಒಸರಿಕೊಂಡಿದ್ದರೆ, ತೆಳುವಾದ ಕಡ್ಡಿಗಳು ಮಸುಕಾಗಿ ಅಳಿಸಿಹೋದಂತಿದ್ದರೆ ಬಣ್ಣ ಕತ್ತರಿಯಾಗಿದೆ ಅಂತ ಅರ್ಥ. ಬಿಳಿಯ ಮೇಲಿನ ಕಪ್ಪು ಅಕ್ಷರದಲ್ಲಿ ಇದು ಅಷ್ಟು ಎದ್ದು ಕಾಣದು. ಆದರೂ ಅಕ್ಷರದ ಅಂಚು ನುಣುಪಾಗಿ ಕಾಣಲಿ ಅಂತ ವಿಂಡೋಸ್ ಅಲ್ಲಲ್ಲಿ ಬಣ್ಣದ ಛಾಯೆ ಸೇರಿಸುತ್ತದೆ. ಅದೂ ಕಲಸಿಕೊಂಡು ಕಪ್ಪು ಅಕ್ಷರದ ಸುತ್ತ ಏನೋ ಕೊಳೆ ಕೂತಂತೆ ಆಗುತ್ತದೆ.

ಒಳ್ಳೆಯ ಸುದ್ದಿ ಏನೆಂದರೆ, ಬಹಳಷ್ಟು ಟಿವಿಗಳಲ್ಲಿ ಇದನ್ನು ಸೆಟ್ಟಿಂಗ್‌ನಿಂದಲೇ ಸರಿಮಾಡಬಹುದು. ಎಲ್‌ಜಿ ಟಿವಿಗಳಲ್ಲಿ ಆ ಎಚ್‌ಡಿಎಂಐ ಇನ್‌ಪುಟ್‌ನ ಗುರುತನ್ನು ಪಿಸಿ ಅಂತ ಬದಲಿಸಬೇಕು. ಸ್ಯಾಮ್‌ಸಂಗ್‌ನಲ್ಲೂ ಆ ಇನ್‌ಪುಟ್‌ನ ಹೆಸರನ್ನು ಪಿಸಿ ಎಂದು ಮಾಡಿದರೆ ಟಿವಿಯ ನಡವಳಿಕೆಯೇ ಬದಲಾಗುತ್ತದೆ. ಸೋನಿಯಲ್ಲಿ ಚಿತ್ರದ ಮೋಡ್ ಅನ್ನು ಗೇಮ್ ಅಥವಾ ಗ್ರಾಫಿಕ್ಸ್‌ಗೆ ಹಾಕಿ ನೋಡಬೇಕು. ಇಷ್ಟಾದರೂ ಅಗ್ಗದ ಮಾದರಿಗಳಲ್ಲಿ ಕೆಲವು ಬಗ್ಗುವುದೇ ಇಲ್ಲ. ಅಂಥವನ್ನು ದೂರದಿಂದ ಸಿನಿಮಾ ನೋಡಲು ಇಟ್ಟುಕೊಳ್ಳಿ, ಮೇಜಿಗೆ ತರಬೇಡಿ.

ಟಿವಿಯ ಉಳಿದ ಹಳೇ ಚಾಳಿಗಳು

ಮೊದಲ ಸಲ ಜೋಡಿಸಿದಾಗ ಕೆಳಗಿನ ಟಾಸ್ಕ್‌ಬಾರ್ ಅರ್ಧ ಕಾಣೆಯಾಗಿದ್ದರೆ ಗಾಬರಿಯಾಗಬೇಡಿ. ಡಬ್ಬದಂಥ ಟಿವಿಗಳ ಕಾಲದಲ್ಲಿ ಚಿತ್ರದ ಅಂಚುಗಳು ನೆಟ್ಟಗಿರುತ್ತಿರಲಿಲ್ಲ. ಅದನ್ನು ಮುಚ್ಚಲು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಹಿಂದೆ ಬಿಡುತ್ತಿದ್ದರು. ಓವರ್‌ಸ್ಕ್ಯಾನ್ ಎನ್ನುವ ಈ ಅಭ್ಯಾಸ ಈಗ ಯಾರಿಗೂ ಬೇಕಿಲ್ಲ, ಆದರೂ ಹಲವು ಟಿವಿಗಳಲ್ಲಿ ಉಳಿದುಕೊಂಡಿದೆ. ಇದನ್ನು ನಿಲ್ಲಿಸುವ ಸೆಟ್ಟಿಂಗ್‌ಗೆ ಜಸ್ಟ್ ಸ್ಕ್ಯಾನ್, ಫಿಟ್ ಟು ಸ್ಕ್ರೀನ್, ಫುಲ್ ಪಿಕ್ಸೆಲ್ ಹೀಗೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತದೆ. ಹುಡುಕಿ ಆನ್ ಮಾಡಿದರೆ ಚಿತ್ರ ಪೂರ್ತಿ ಬರುವುದರ ಜೊತೆ ಅಕ್ಷರವೂ ಚೂಪಾಗುತ್ತದೆ.

ಶಾರ್ಪ್‌ನೆಸ್ ಕೂಡ ಇಳಿಸಿ. ಅಕ್ಷರದ ಸುತ್ತ ಬಿಳಿ ಗೆರೆ ಕಾಣುತ್ತಿದ್ದರೆ ಅದು ಇದರದೇ ಕೆಲಸ. ಕಪ್ಪು ಬೂದಿ ಬಣ್ಣಕ್ಕೆ ತಿರುಗಿದ್ದರೆ ಅಥವಾ ಕತ್ತಲ ಭಾಗಗಳೆಲ್ಲ ಒಂದೇ ಕಪ್ಪಾಗಿದ್ದರೆ ಕಂಪ್ಯೂಟರ್ ಮತ್ತು ಟಿವಿಯ ಲೆಕ್ಕ ಹೊಂದಿಲ್ಲ. ಕಂಪ್ಯೂಟರ್ 0ಯಿಂದ 255ರವರೆಗೆ ಎಣಿಸುತ್ತದೆ, ವಿಡಿಯೋ 16ರಿಂದ 235ರವರೆಗೆ. ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗ್‌ನಲ್ಲಿ ಮತ್ತು ಟಿವಿಯಲ್ಲಿ ಎರಡೂ ಕಡೆ ಒಂದೇ ರೇಂಜ್ ಇರುವಂತೆ ನೋಡಿಕೊಳ್ಳಿ.

ಆಮೇಲೆ ತಡ. ಟಿವಿ ಚಿತ್ರವನ್ನು ತೋರಿಸುವ ಮೊದಲು ಒಂದಿಷ್ಟು ಸಿಂಗಾರ ಮಾಡುತ್ತದೆ: ಚಿತ್ರದಲ್ಲಿನ ಕಾಳು ಕಾಳು ಕಲೆ (ನಾಯ್ಸ್) ಕಡಿಮೆ ಮಾಡುವುದು, ಬಣ್ಣ ಏರಿಸುವುದು, ನಡುವೆ ಹೊಸ ಫ್ರೇಮ್ ಹುಟ್ಟಿಸಿ ಚಲನೆ ನಯವಾಗಿಸುವುದು. ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಮಾಮೂಲಿ ಮೋಡ್‌ನಲ್ಲಿ 50ರಿಂದ 100 ಮಿಲಿಸೆಕೆಂಡ್ ತಡವಾಗುವ ಟಿವಿಗಳು ಬೇಕಾದಷ್ಟಿವೆ. ಸಿನಿಮಾ ನೋಡುವಾಗ ಧ್ವನಿಯನ್ನೂ ಟಿವಿ ಅಷ್ಟೇ ತಡಮಾಡುವುದರಿಂದ ನಿಮಗೆ ತಿಳಿಯುವುದಿಲ್ಲ. ಮೌಸ್ ಹಿಡಿದರೆ ತಕ್ಷಣ ತಿಳಿಯುತ್ತದೆ. ಕೈ ನಿಂತರೂ ಬಾಣ ರಬ್ಬರಿಗೆ ಕಟ್ಟಿದ ಹಾಗೆ ಹಿಂದಿನಿಂದ ಬಂದು ಸೇರುತ್ತದೆ. ಗೇಮ್ ಮೋಡ್ ಹಾಕಿದರೆ ಈ ಸಿಂಗಾರವೆಲ್ಲ ನಿಂತು ಒಳ್ಳೆಯ ಟಿವಿಗಳಲ್ಲಿ ತಡ 20 ಮಿಲಿಸೆಕೆಂಡಿನೊಳಗೆ ಬರುತ್ತದೆ. ಕೆಲಸಕ್ಕೆ ಅದು ಧಾರಾಳ ಸಾಕು. ಡಬ್ಬದ ಮೇಲೆ ಬರೆದಿರುವ 1 ಮಿಲಿಸೆಕೆಂಡ್ ರೆಸ್ಪಾನ್ಸ್ ಟೈಮ್ ನೋಡಿ ಮರುಳಾಗಬೇಡಿ. ಅದು ಪಿಕ್ಸೆಲ್ ಬಣ್ಣ ಬದಲಿಸುವ ವೇಗ, ಈ ತಡಕ್ಕೂ ಅದಕ್ಕೂ ಸಂಬಂಧವಿಲ್ಲ. ಮೋಷನ್ ರೇಟ್ 120 ಅಂತ ಏನೇನೋ ಹೆಸರಲ್ಲಿ ಬರೆದಿರುವುದನ್ನೂ ಹಾಗೇ ನಂಬಬೇಡಿ. ಪ್ಯಾನೆಲ್ 60 ಹರ್ಟ್ಜ್‌ನದೇ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವುದೇ, ಇರಬಹುದು.

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೂ ದಿನಾ ಕಿರಿಕಿರಿ ಮಾಡುವುದು ಒಂದಿದೆ, ಅದು ಆನ್ ಆಫ್ ಮಾಡುವುದು. ಕಂಪ್ಯೂಟರ್ ನಿದ್ದೆಗೆ ಹೋದರೆ ಮಾನಿಟರ್ ತಾನೂ ಮಲಗುತ್ತದೆ. ಕೀಲಿ ಒತ್ತಿದರೆ ತಾನೇ ಏಳುತ್ತದೆ. ಟಿವಿ ಹಾಗಲ್ಲ. ಸಿಗ್ನಲ್ ಇಲ್ಲ ಅಂತ ಒಂದು ಫಲಕ ತೋರಿಸುತ್ತಾ ಬೆಳಗಿಕೊಂಡೇ ಕೂರುತ್ತದೆ. ಆಮೇಲೆ ಎಂದೋ ಆಫ್ ಆದರೆ, ಎಬ್ಬಿಸಲು ರಿಮೋಟ್ ಹುಡುಕಬೇಕು. ಗೇಮ್ ಕನ್ಸೋಲ್‌ಗಳು ಎಚ್‌ಡಿಎಂಐ ಮೂಲಕವೇ ಟಿವಿಯನ್ನು ಎಬ್ಬಿಸುತ್ತವೆ, ನಿಜ. ಆದರೆ ಸಾಮಾನ್ಯ ಕಂಪ್ಯೂಟರ್‌ನ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಆ ವಿದ್ಯೆ ಬರುವುದಿಲ್ಲ. ದಿನಕ್ಕೆ ಹತ್ತು ಸಲ ಎದ್ದು ಹೋಗಿ ಬಂದು ಮಾಡುವವರಿಗೆ ಇದೊಂದೇ ಕಾರಣ ಸಾಕು, ಮಾನಿಟರ್ ತಗೊಳ್ಳಲು.

ಓಎಲ್‌ಇಡಿ ಆಸೆ

2022ರಲ್ಲಿ ಎಲ್‌ಜಿ ತನ್ನ ಸಿ2 ಸಾಲಿನಲ್ಲಿ 42 ಇಂಚಿನ ಓಎಲ್‌ಇಡಿ (ಹಿಂಬದಿ ಬೆಳಕಿಲ್ಲದೆ ಪ್ರತಿ ಪಿಕ್ಸೆಲ್ ತಾನೇ ಬೆಳಗುವ) ಟಿವಿ ತಂದಿತು. 4ಕೆ, 120 ಹರ್ಟ್ಜ್, ಎಚ್‌ಡಿಎಂಐ 2.1, ಇಂಚಿಗೆ 105 ಪಿಕ್ಸೆಲ್. ಆಟ ಆಡುವವರಲ್ಲಿ ಅನೇಕರು ಅದನ್ನು ನೇರವಾಗಿ ಮೇಜಿನ ಮೇಲೇ ಇಟ್ಟುಕೊಂಡರು. ಅವರನ್ನು ತಪ್ಪು ಅನ್ನಲಾಗದು. ಕಪ್ಪು ಅಂದರೆ ಪೂರ್ತಿ ಕಪ್ಪು. ಚಲನೆ ಚೂಪು. ಅದೇ ದುಡ್ಡಿಗೆ ಅಂಥ ಚಿತ್ರ ಕೊಡುವ ಮಾನಿಟರ್ ಆಗ ಸುಲಭವಾಗಿ ಸಿಗುತ್ತಿರಲಿಲ್ಲ.

ಆದರೆ ಅದರ ಮೇಲೆ ಎಕ್ಸೆಲ್ ತೆರೆದು ನೋಡಿ. ಸಣ್ಣ ಕಿಟಕಿಯಲ್ಲಿ ಇರುವಾಗ ಬಿಳಿ ಹಾಳೆ ಹೊಳೆಯುತ್ತಿರುತ್ತದೆ. ಅದನ್ನೇ ಸ್ಕ್ರೀನ್ ತುಂಬಾ ಹಿಗ್ಗಿಸಿದ ಕೂಡಲೇ ಇಡೀ ಬಿಳುಪು ಒಂದು ಮೆಟ್ಟಿಲು ಕೆಳಗಿಳಿದು ಮಂಕಾಗುತ್ತದೆ. ಕೆಟ್ಟುಹೋಗಿಲ್ಲ, ಪ್ಯಾನೆಲ್‌ಗೆ ಜಾಸ್ತಿ ವಿದ್ಯುತ್ ಹರಿಯದಂತೆ ಟಿವಿಯೇ ಬೆಳಕನ್ನು ತಗ್ಗಿಸುತ್ತದೆ. ಬಹಳ ಹೊತ್ತು ಒಂದೇ ಪುಟ ಇಟ್ಟರೆ ಇನ್ನಷ್ಟು ತಗ್ಗಿಸುತ್ತದೆ. ಕಾರಣ ಬರ್ನ್-ಇನ್. ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ನಿಂತ ಟಾಸ್ಕ್‌ಬಾರ್, ಚಾನೆಲ್ ಲೋಗೊ, ಸಾಫ್ಟ್‌ವೇರಿನ ಬಟನ್ ಸಾಲು ಮಸುಕು ನೆರಳಾಗಿ ಶಾಶ್ವತವಾಗಿ ಉಳಿದುಬಿಡಬಹುದು. ಟಾಸ್ಕ್‌ಬಾರ್ ತಾನೇ ಅಡಗುವಂತೆ ಮಾಡಿ, ಕಪ್ಪು ಥೀಮ್ ಹಾಕಿ, ಎದ್ದು ಹೋದಾಗ ಸ್ಕ್ರೀನ್ ಆರುವಂತೆ ಇಟ್ಟುಕೊಂಡರೆ ಅಪಾಯ ಕಡಿಮೆಯಾಗುತ್ತದೆ. ಆಟ, ಸಿನಿಮಾ ಜಾಸ್ತಿ, ಟೈಪಿಂಗ್ ಕಡಿಮೆ ಎನ್ನುವವರು ಧೈರ್ಯ ಮಾಡಬಹುದು. ದಿನಕ್ಕೆ ಎಂಟು ಗಂಟೆ ಒಂದೇ ಸಾಫ್ಟ್‌ವೇರ್ ತೆರೆದಿಟ್ಟು ಕೂರುವವರಿಗೆ ನಾನು ಓಎಲ್‌ಇಡಿ ಟಿವಿ ಹೇಳುವುದಿಲ್ಲ. ಓಎಲ್‌ಇಡಿ ಮಾನಿಟರ್‌ಗೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ.

ಮೇಜು, ಕುತ್ತಿಗೆ, ಕೇಬಲ್

43 ಇಂಚು ಅಂದರೆ ಅಗಲ 95 ಸೆಂಟಿಮೀಟರ್, ಎತ್ತರ 53. ಅಂಗಡಿಯ ಗೋಡೆಯಲ್ಲಿ ಇದು ಚಿಕ್ಕದಾಗಿ ಕಾಣುತ್ತದೆ, ಮೇಜಿನ ಮೇಲೆ ರಾಕ್ಷಸನಾಗುತ್ತದೆ. ಕೊಳ್ಳುವ ಮೊದಲು ಹಳೇ ದಿನಪತ್ರಿಕೆ ಅಂಟಿಸಿ ಈ ಅಳತೆಯ ಹಾಳೆ ಮಾಡಿ, ಮೇಜಿನ ಹಿಂದಿನ ಗೋಡೆಗೆ ಹಚ್ಚಿ, ಕುರ್ಚಿಯಲ್ಲಿ ಕೂತು ನೋಡಿ. ಮೇಲಿನ ಅಂಚು ನೋಡಲು ಗಲ್ಲ ಎತ್ತಬೇಕಾಗುತ್ತದಾ? ಮೂಲೆಯಲ್ಲಿರುವ ಗಡಿಯಾರ ನೋಡಲು ತಲೆ ತಿರುಗಿಸಬೇಕಾಗುತ್ತದಾ? ಹಾಗಿದ್ದರೆ ಮೇಜು ಸಾಲದು. ಈ ಅಳತೆಗೆ ಕಣ್ಣಿಂದ ಕನಿಷ್ಠ 90 ಸೆಂಟಿಮೀಟರ್, ಸಾಧ್ಯವಾದರೆ ಒಂದು ಮೀಟರ್ ದೂರ ಬೇಕು ಅನ್ನುವುದು ನನ್ನ ಲೆಕ್ಕ. ಟಿವಿಯನ್ನು ಮೇಜಿನಿಂದ ತೆಗೆದು ಗೋಡೆಗೆ ತಗುಲಿಸಿದರೆ ಆ ದೂರ ಹೊಂದಿಸಬಹುದು.

ಮಾನಿಟರ್‌ಗಳ ಸ್ಟ್ಯಾಂಡ್ ಮೇಲೆ ಕೆಳಗೆ ಸರಿಯುತ್ತದೆ, ಬಾಗುತ್ತದೆ, ಕೆಲವು ಅಡ್ಡದಿಂದ ಉದ್ದಕ್ಕೂ ತಿರುಗುತ್ತವೆ. ಅಗ್ಗದ ಮಾದರಿಗಳಲ್ಲಿ ಬರೀ ಬಾಗುವುದಷ್ಟೇ ಇರುತ್ತದೆ, ನೋಡಿಕೊಳ್ಳಿ. ಟಿವಿಯ ಎರಡು ಕಾಲು ಎರಡು ತುದಿಯಲ್ಲಿ ಇಟ್ಟಲ್ಲೇ ಇರುತ್ತವೆ. ಬೆಳಕೂ ಅಷ್ಟೇ, ಟಿವಿಯನ್ನು ಹತ್ತಿರದಿಂದ ನೋಡುವಾಗ ಬ್ಯಾಕ್‌ಲೈಟ್ ಚೆನ್ನಾಗಿ ಇಳಿಸಿಕೊಳ್ಳದಿದ್ದರೆ ಸಂಜೆಯಾಗುವಷ್ಟರಲ್ಲಿ ಕಣ್ಣು ಉರಿಯುತ್ತದೆ.

ಕೇಬಲ್ ವಿಷಯ ಚಿಕ್ಕದು, ಆದರೆ ಇಲ್ಲೇ ತುಂಬಾ ಜನ ಎಡವುತ್ತಾರೆ. ಟಿವಿಗಳಲ್ಲಿ ಡಿಸ್‌ಪ್ಲೇಪೋರ್ಟ್ ಎನ್ನುವ ಇನ್ನೊಂದು ಬಗೆಯ ಪೋರ್ಟ್ ಅಪರೂಪ, ಎಚ್‌ಡಿಎಂಐ ಒಂದೇ ದಾರಿ. ನಿಮ್ಮ ಹಳೇ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ 1.4 ಇದ್ದರೆ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಹೋಗುತ್ತದೆ. ಮೌಸ್ ಬಾಣ ಕುಂಟುತ್ತದೆ. 60 ಬೇಕಾದರೆ 2.0, 120 ಬೇಕಾದರೆ 2.1 ಬೇಕು. ಇದು ಕಂಪ್ಯೂಟರ್, ಕೇಬಲ್, ಟಿವಿ ಮೂರರಲ್ಲೂ ಇರಬೇಕು. ಟಿವಿಯ ಎಲ್ಲ ಪೋರ್ಟ್‌ಗಳೂ ಒಂದೇ ಅಲ್ಲ, ಅದನ್ನೂ ನೋಡಿ. ಪೋರ್ಟ್ ಸರಿಯಿದ್ದರೂ ಇನ್‌ಪುಟ್ ಸಿಗ್ನಲ್ ಪ್ಲಸ್, ಡೀಪ್ ಕಲರ್, ಎನ್‌ಹ್ಯಾನ್ಸ್‌ಡ್ ಫಾರ್ಮ್ಯಾಟ್ ಅಂತ ಇರುವ ಸೆಟ್ಟಿಂಗ್ ಆಫ್ ಆಗಿದ್ದರೆ ಪೂರ್ತಿ ಸಿಗ್ನಲ್ ಒಳಗೆ ಬರುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಬರೆಯುವುದು, ಓದುವುದು, ಕೋಡ್, ಲೆಕ್ಕಪತ್ರ, ಮಕ್ಕಳ ಆನ್‌ಲೈನ್ ಪಾಠ ಇವೇ ಮುಖ್ಯ ಅನ್ನುವವರು ಮಾನಿಟರ್ ತಗೊಳ್ಳಿ. 27 ಇಂಚಿನ 1440ಪಿ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಪ್ಯಾನೆಲ್‌ನ) ಮಾನಿಟರ್ ಬಹಳ ಜನರಿಗೆ ಸರಿಹೋಗುತ್ತದೆ. ಕನ್ನಡ ಜಾಸ್ತಿ ಓದುವವರು 4ಕೆಗೆ ಸ್ವಲ್ಪ ಕೈ ಬಿಚ್ಚಿದರೆ ನಷ್ಟವಿಲ್ಲ. ವಿಂಡೋಸ್‌ನಲ್ಲಿ ಸ್ಕೇಲಿಂಗ್ 150 ಪರ್ಸೆಂಟ್ ಇಟ್ಟರೆ ಅಕ್ಷರದ ಗಾತ್ರ 1440ಪಿಯಷ್ಟೇ ಇರುತ್ತದೆ, ಒತ್ತಕ್ಷರ ಮಾತ್ರ ಅಚ್ಚು ಹಾಕಿದಂತೆ ಬರುತ್ತದೆ. ವೇಗದ ಶೂಟಿಂಗ್ ಆಟ ಆಡುವವರಿಗೂ ಮಾನಿಟರೇ ಸರಿ.

ನಾಲ್ಕು ಕಿಟಕಿ ಒಟ್ಟಿಗೆ ತೆರೆದಿಟ್ಟು ಕೆಲಸ ಮಾಡುವವರು, ಆಳವಾದ ಮೇಜು ಇರುವವರು 43 ಇಂಚಿನ 4ಕೆ ಟಿವಿಯನ್ನು ಯೋಚಿಸಬಹುದು. ನಡುವೆ ಗೆರೆ ಇಲ್ಲದ ನಾಲ್ಕು ಫುಲ್ ಎಚ್‌ಡಿ ಸ್ಕ್ರೀನ್ ಸಿಕ್ಕಿದಂತೆ. 4:4:4 ಬರುತ್ತದೆ ಅಂತ ಖಾತ್ರಿ ಇದ್ದರೆ ಮಾತ್ರ. ಸೋಫಾದಲ್ಲಿ ಕೂತು ಕನ್ಸೋಲ್ ಥರ ಆಟ ಆಡುವುದು, ಮನೆಮಂದಿ ಸೇರಿ ಸಿನಿಮಾ ನೋಡುವುದು, ಫೋಟೋ ತೋರಿಸುವುದು ಇಷ್ಟೇ ಕಂಪ್ಯೂಟರ್‌ನ ಕೆಲಸವಾದರೆ ಟಿವಿಯ ಮುಂದೆ ಮಾನಿಟರ್ ನಿಲ್ಲುವುದಿಲ್ಲ. ಕಾಂಟ್ರಾಸ್ಟ್ ಆಗಲಿ, ಎಚ್‌ಡಿಆರ್ (ಕತ್ತಲು ಬೆಳಕಿನ ಅಂತರ ಹೆಚ್ಚಾಗಿ ತೋರಿಸುವ ವಿಡಿಯೋ) ಆಗಲಿ, ಸ್ಪೀಕರ್ ಆಗಲಿ ಅದೇ ಬೆಲೆಯ ಮಾನಿಟರ್‌ನಲ್ಲಿ ಅಷ್ಟು ಬರುವುದಿಲ್ಲ. ಚಿಕ್ಕ ಕೋಣೆಯಲ್ಲಿ ಎರಡೂ ಒಂದರಲ್ಲೇ ಆಗಬೇಕು ಅನ್ನುವವರಿಗೆ ಸ್ಯಾಮ್‌ಸಂಗ್ 2020ರಿಂದ ಮಾರುತ್ತಿರುವಂಥ ಸ್ಮಾರ್ಟ್ ಮಾನಿಟರ್‌ಗಳಿವೆ. ರಿಮೋಟ್, ವೈಫೈ, ಸಿನಿಮಾ ಆ್ಯಪ್ ಎಲ್ಲ ಇರುತ್ತದೆ. ಅಂಟೆನಾ ಅಥವಾ ಕೇಬಲ್ ಟಿವಿ ತಂತಿ ನೇರ ಚುಚ್ಚಬಹುದಾ ಅಂತ ಕೇಳಿಕೊಂಡೇ ತಗೊಳ್ಳಿ.

ಮನೆಯಲ್ಲಿ ಈಗಾಗಲೇ ಟಿವಿ ಇದ್ದರೆ ಹೊಸದೇನೂ ಕೊಳ್ಳದೆ ಒಂದು ವಾರ ಅದರಲ್ಲೇ ಕೆಲಸ ಮಾಡಿ ನೋಡಿ. ಪಿಸಿ ಮೋಡ್, ಓವರ್‌ಸ್ಕ್ಯಾನ್, ಶಾರ್ಪ್‌ನೆಸ್ ಸರಿಮಾಡಿಕೊಂಡ ಮೇಲೆ ನೋಡಿ, ಸುಮ್ನೆ ಚುಚ್ಚಿ ನೋಡಿ ಬೈಯಬೇಡಿ. ಹೊಸದೇ ಕೊಳ್ಳುವುದಾದರೆ ನಿಮ್ಮ ಲ್ಯಾಪ್‌ಟಾಪ್ ಮತ್ತು ಒಂದು ಕೇಬಲ್ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಅಂಗಡಿಯವರು ಹಾಕಿರುವ ಹೂವು, ಜಲಪಾತದ ವಿಡಿಯೋ ತೆಗೆಸಿ ಕನ್ನಡದ ಒಂದು ಪುಟ ತೆರೆಯಿರಿ, ಕಪ್ಪಿನ ಮೇಲೆ ಕೆಂಪು ಅಕ್ಷರ ಬರೆಯಿರಿ, ಮೌಸ್ ಅನ್ನು ಜೋರಾಗಿ ಅತ್ತಿತ್ತ ಆಡಿಸಿ. ಹಾಗೆ ಜೋಡಿಸಿ ನೋಡಲು ಬಿಡದಿದ್ದರೆ, ಇಷ್ಟವಾಗದಿದ್ದರೆ ಎಷ್ಟು ದಿನದೊಳಗೆ ವಾಪಸ್ ತಗೊಳ್ಳುತ್ತೀರಿ ಅಂತ ಕೇಳಿ, ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.